ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಆದರೂ ಕೂಸಿಗೆ ನಂಜು ಅಂದರು. ಯಾಕೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನನ್ನ ತಂಗಿಗೆ ದಿನ ತುಂಬುವ ಮೊದಲೇ, 34 ವಾರಕ್ಕೆ, ಹೆರಿಗೆಯಾಯಿತು. ಹೆಣ್ಣು ಕೂಸು, ತೂಕ 1 ಕೆಜಿ 900 ಗ್ರಾಂ. ಹೆರಿಗೆಗೆ ಸುಮಾರು 20 ಗಂಟೆ ಮುಂಚೆಯೇ ನೀರು ಹೋಗಿತ್ತು. ಮೂರನೇ ದಿನ ಮನೆಗೆ ಕರೆತಂದೆವು. ಅದೇ ರಾತ್ರಿ ಕೂಸು ಮೊಲೆ ಹಿಡಿಯಲಿಲ್ಲ. ಮೈ ತಣ್ಣಗಿತ್ತು, ಜ್ವರವೇನೂ ಇರಲಿಲ್ಲ. ಅಮ್ಮ ದೃಷ್ಟಿ ತೆಗೆದರು. ಬೆಳಿಗ್ಗೆ ಹತ್ತಿರದ ಡಾಕ್ಟರ್ ಒಂದು ಇಂಜೆಕ್ಷನ್ ಕೊಟ್ಟು ದಾವಣಗೆರೆಗೆ ಕಳಿಸಿದರು. ಅಲ್ಲಿ ರಕ್ತದಲ್ಲಿ ಇನ್‌ಫೆಕ್ಷನ್ ಅಂದರು. ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಯಲ್ಲಿ ಮೊದಲ ದಿನ 6 ಇತ್ತು, ಮಾರನೇ ದಿನ 38 ಆಯಿತು. ಬೆನ್ನಿನಿಂದಲೂ ನೀರು ತೆಗೆದರು. ಐದು ದಿನ ಕಾದ ಮೇಲೆ ಕಲ್ಚರ್ ರಿಪೋರ್ಟ್ ಬಂತು, ಅದರಲ್ಲಿ ಏನೂ ಬೆಳೆದಿಲ್ಲ ಅಂತ ಬರೆದಿತ್ತು. ಆದರೂ ಏಳು ದಿನ ಆಂಟಿಬಯಾಟಿಕ್ ಕೊಟ್ಟರು. ಕೂಸಿಗೆ ಈಗ 18 ದಿನ, ಚೆನ್ನಾಗಿದೆ. ಏನೂ ಇಲ್ಲದೆ ಸುಮ್ನೆ ಚುಚ್ಚಿದರಾ? ಮೊದಲ ದಿನ ಸರಿ ಇದ್ದ ರಿಪೋರ್ಟ್ ಮಾರನೇ ದಿನ ಕೆಟ್ಟಿದ್ದು ಹೇಗೆ? ಆಸ್ಪತ್ರೆಯಲ್ಲೇ ಅಂಟಿತಾ?

ಉತ್ತರ: ಸುಮ್ನೆ ಚುಚ್ಚಿಲ್ಲ. ನಿಮ್ಮ ಪತ್ರದಲ್ಲಿ ಇರುವಷ್ಟನ್ನೇ ನೋಡಿ ಹೇಳುವುದಾದರೆ, ಆ ಕೂಸಿಗೆ ನಂಜಾಗಿತ್ತು, ಅಂದರೆ ರಕ್ತಕ್ಕೆ ಸೋಂಕು ಹತ್ತಿತ್ತು ಅಂತಲೇ ನಾನೂ ತೀರ್ಮಾನ ಮಾಡುತ್ತಿದ್ದೆ. ಔಷಧವನ್ನೂ ಹೆಚ್ಚುಕಮ್ಮಿ ಅಷ್ಟೇ ದಿನ ಕೊಡುತ್ತಿದ್ದೆ. ಆದರೆ ನಿಮ್ಮ ಅನುಮಾನ ತಪ್ಪಲ್ಲ. ನಮ್ಮ ವಾರ್ಡಿನ ಹೊರಗೆ ರಿಪೋರ್ಟ್ ಹಿಡಿದು ನಿಂತ ಅಪ್ಪಂದಿರು, ಮಾವಂದಿರು ಇದನ್ನೇ ಕೇಳುತ್ತಾರೆ. ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಕಡೆಯ ತೀರ್ಪು ಅಂತ ನಾವು ಡಾಕ್ಟರುಗಳೇ ಹೇಳಿರುತ್ತೇವೆ. ಆ ತೀರ್ಪು ಖಾಲಿ ಬಂದಾಗ ಮಾತ್ರ ವಿವರಿಸಿ ಹೇಳುವಷ್ಟು ಹೊತ್ತು ನಮಗಿರುವುದಿಲ್ಲ.

ಮೊದಲು ಆ ರಾತ್ರಿಯ ಮಾತು. ಹುಟ್ಟಿದ ಕೂಸಿಗೆ ನಂಜಾದರೆ ದೊಡ್ಡವರ ಹಾಗೆ ಮೈ ಸುಡಬೇಕು ಅಂತೇನಿಲ್ಲ. ಅದರಲ್ಲೂ ದಿನ ತುಂಬದ, ತೂಕ ಕಮ್ಮಿ ಇರುವ ಕೂಸಿನ ಮೈ ತಣ್ಣಗಾಗುವುದೇ ಜಾಸ್ತಿ. ಸರಿಯಾದ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. 38 ಮುಟ್ಟಿದರೂ ಅಪಾಯ, 35.5ಕ್ಕಿಂತ ಕೆಳಗೆ ಇಳಿದರೂ ಅಷ್ಟೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇವೆರಡರ ಜೊತೆ ಇನ್ನೂ ಕೆಲವು ಇವೆ: ಹಾಲು ಸರಿಯಾಗಿ ಕುಡಿಯದಿರುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಎದೆ ಜೋರಾಗಿ ಒಳಕ್ಕೆ ಸೆಳೆಯುವುದು, ಫಿಟ್ಸ್ ಬರುವುದು, ಮುಟ್ಟಿ ಅಲ್ಲಾಡಿಸಿದರೆ ಮಾತ್ರ ಕೈಕಾಲು ಆಡಿಸುವುದು. ಇವುಗಳಲ್ಲಿ ಒಂದಿದ್ದರೂ ಸಾಕು, ಹೊರಡಬೇಕು. ನಿಮ್ಮ ಕೂಸಿಗೆ ಎರಡಿದ್ದವು.

ಮನೆಯಲ್ಲಿ ಥರ್ಮಾಮೀಟರ್ ಇಲ್ಲ ಅಂದರೆ ಅಂಗೈ ಹಿಂಭಾಗದಿಂದ ಕೂಸಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚಿಂತೆ ಇಲ್ಲ. ಪಾದ ಮಾತ್ರ ತಣ್ಣಗಿದ್ದರೆ ಕೂಸಿಗೆ ಚಳಿ ಹತ್ತುತ್ತಿದೆ, ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಒರಗಿಸಿ ಮೇಲೆ ಹೊದಿಸಿ. ಹೊಟ್ಟೆಯೂ ತಣ್ಣಗಿದ್ದರೆ ಕಾಯಬೇಡಿ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಅಮ್ಮನಿಗೆ ನನ್ನ ಕೋರಿಕೆ ಒಂದೇ, ಗಾಡಿಯಲ್ಲಿ ಕೂತು ತೆಗೆಯಲಿ. ನಮ್ಮ ಕಡೆ ಕೆಲವು ಹಟ್ಟಿಗಳಲ್ಲಿ ಸೂತಕ ಅಂತ ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಲ್ಲಿ ಇಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿ ಬೆಳಗಿನ ಜಾವದ ಚಳಿಗೆ ಕೂಸು ತಣ್ಣಗಾಯಿತೋ, ನಂಜಿಗೆ ತಣ್ಣಗಾಯಿತೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ಪದ್ಧತಿಗೆ ಮಾತ್ರ ನನ್ನ ತಕರಾರಿದೆ.

ಇಲ್ಲೊಂದು ತೊಡಕಿದೆ. ಹಾಲು ಬಿಟ್ಟು, ಮಂಕಾಗಿ, ತಣ್ಣಗಾಗಿರುವ ಕೂಸೆಲ್ಲ ನಂಜಿನ ಕೂಸೇ ಆಗಬೇಕಿಲ್ಲ. ಸಕ್ಕರೆ ಅಂಶ ಇಳಿದರೂ ಹೀಗೇ ಆಗುತ್ತದೆ. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದರೂ ಹೀಗೆ ಕಾಣಬಹುದು. ಬರೀ ಚಳಿಗೂ ಆಗಬಹುದು. ಅದಕ್ಕೇ ನಾವು ಕೂಸು ಬಂದ ಕೂಡಲೇ ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುತ್ತೇವೆ, ವಾರ್ಮರ್ ಕೆಳಗೆ ಮಲಗಿಸಿ ಬೆಚ್ಚಗೆ ಮಾಡುತ್ತೇವೆ. ಸಕ್ಕರೆ ಸರಿಯಾಗಿ, ಮೈ ಬೆಚ್ಚಗಾದ ಮೇಲೂ ಕೂಸು ಚೇತರಿಸಿಕೊಳ್ಳದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮ ಕೂಸಿನ ವಿಷಯದಲ್ಲಿ ಅನುಮಾನ ಮೊದಲೇ ಅರ್ಧ ಗಟ್ಟಿಯಾಗಿತ್ತು. ದಿನ ತುಂಬಿರಲಿಲ್ಲ, ತೂಕ ಎರಡೂವರೆ ಕೆಜಿಗಿಂತ ಕಮ್ಮಿ, ನೀರು ಹೋಗಿ 18 ಗಂಟೆ ದಾಟಿತ್ತು. ನೀರಿನ ಚೀಲ ಒಡೆದ ಮೇಲೆ ಹೊತ್ತು ಕಳೆದಷ್ಟೂ ಕೆಳಗಿನ ಬ್ಯಾಕ್ಟೀರಿಯಾ ಮೇಲೆ ಹತ್ತುತ್ತವೆ. ಹಾಗಾಗಿ ಹೆರಿಗೆಗೆ ಎಷ್ಟು ಗಂಟೆ ಮುಂಚೆ ನೀರು ಹೋಯಿತು ಅನ್ನುವ ಒಂದು ಮಾತು ಎಷ್ಟೋ ಸಲ ಮಷಿನ್ ರಿಪೋರ್ಟಿಗಿಂತ ಹೆಚ್ಚು ಹೇಳುತ್ತದೆ.

ಈಗ ಕಲ್ಚರ್‌ಗೆ ಬರೋಣ. ಕೂಸಿನ ನರದಿಂದ ರಕ್ತ ತೆಗೆದು, ಬ್ಯಾಕ್ಟೀರಿಯಾಕ್ಕೆ ಆಹಾರ ಇರುವ ಬಾಟಲಿಗೆ ಹಾಕಿ, ಮಷಿನ್‌ನಲ್ಲಿ ಬೆಚ್ಚಗೆ ಇಡುತ್ತಾರೆ. ರಕ್ತದಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದರೆ ಅವು ಬೆಳೆಯುತ್ತವೆ, ಬೆಳೆಯುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬಾಟಲಿಯ ತಳದಲ್ಲಿರುವ ಸೆನ್ಸರ್ ಅದನ್ನು ಹಿಡಿಯುತ್ತದೆ. ಮಷಿನ್ ಕೆಲವೇ ನಿಮಿಷಕ್ಕೊಮ್ಮೆ, ಹಗಲು ರಾತ್ರಿ, ಪ್ರತಿ ಬಾಟಲಿಯನ್ನೂ ನೋಡುತ್ತಿರುತ್ತದೆ. ನಿಜವಾದ ನಂಜಿನ ಬ್ಯಾಕ್ಟೀರಿಯಾ ಇದ್ದರೆ ಬಹುಪಾಲು ಮೊದಲ 36ರಿಂದ 48 ಗಂಟೆಯೊಳಗೆ ಸುಳಿವು ಸಿಕ್ಕಿರುತ್ತದೆ. ಐದು ದಿನ ಇಡುವುದು ನಿಧಾನಕ್ಕೆ ಬೆಳೆಯುವಂಥದ್ದು ಏನಾದರೂ ತಪ್ಪಿಹೋಗಬಾರದು ಅಂತ.

ಬೆಳೆಯಬೇಕು ಅಂದರೆ ಬಾಟಲಿಯೊಳಗೆ ಜೀವಂತ ಬ್ಯಾಕ್ಟೀರಿಯಾ ಹೋಗಿರಬೇಕಲ್ವಾ? ಅದೇ ಕಷ್ಟ. ಕೆಲವು ಕೂಸುಗಳಲ್ಲಿ ಒಂದು ಮಿಲಿ ಲೀಟರ್ ರಕ್ತದಲ್ಲಿ ನಾಲ್ಕಕ್ಕಿಂತಲೂ ಕಮ್ಮಿ ಬ್ಯಾಕ್ಟೀರಿಯಾ ಇರುತ್ತವೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರಲ್ಲ, ಚೀಲದಲ್ಲಿ ನಾಲ್ಕೇ ಹುಳುಕು ಕಾಳು ಇದ್ದರೆ ಆ ಹಿಡಿಯಲ್ಲಿ ಒಂದೂ ಸಿಗದೇ ಹೋಗಬಹುದು. ಹಾಗಾಗಿ ಕಡೇಪಕ್ಷ ಒಂದು ಮಿಲಿ ಲೀಟರ್ ರಕ್ತ ಬೇಕು. ಅರ್ಧ ಮಿಲಿ ಲೀಟರಿಗಿಂತ ಕಮ್ಮಿ ಹಾಕಿ ಕಳಿಸಿದ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ ಅಂದರೆ ನಾನು ಆ ಮಾತಿಗೆ ಜಾಸ್ತಿ ಬೆಲೆ ಕೊಡುವುದಿಲ್ಲ. ಕೂಸಿನ ರಕ್ತವೆಲ್ಲ ತೆಗೆದುಬಿಟ್ಟರು ಅಂತ ಅಜ್ಜಿಯಂದಿರು ಗಾಬರಿಯಾಗುತ್ತಾರೆ. ಲೆಕ್ಕ ಹೀಗಿದೆ: ಕೂಸಿನ ಮೈಯಲ್ಲಿ ಕೆಜಿಗೆ 80ರಿಂದ 90 ಮಿಲಿ ಲೀಟರ್ ರಕ್ತ ಇರುತ್ತದೆ. ನಿಮ್ಮ ಕೂಸಿಗೆ ಸುಮಾರು 160 ಅಂದುಕೊಳ್ಳಿ. ಅದರಲ್ಲಿ ಒಂದು, ನೂರಕ್ಕೆ ಒಂದು ಭಾಗವೂ ಆಗಲಿಲ್ಲ. ಸ್ವಲ್ಪ ತೆಗೆದು ಸುಳ್ಳು ಸಮಾಧಾನ ಪಡೆಯುವುದಕ್ಕಿಂತ ಸರಿಯಾಗಿ ಒಂದು ಸಲ ತೆಗೆಯುವುದೇ ಒಳ್ಳೆಯದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇನ್ನೊಂದು ಕಡೆ. ಹೊರಡುವ ಮುಂಚೆ ಕೊಟ್ಟ ಆ ಇಂಜೆಕ್ಷನ್. ಅದು ಆಂಟಿಬಯಾಟಿಕ್ ಆಗಿದ್ದರೆ, ನೀವು ದಾವಣಗೆರೆ ಮುಟ್ಟುವ ಹೊತ್ತಿಗೆ ಅದು ಕೂಸಿನ ರಕ್ತದಲ್ಲಿ ಕೆಲಸ ಶುರು ಮಾಡಿರುತ್ತದೆ. ಆಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಸತ್ತಿರಬಹುದು, ಇಲ್ಲವೇ ಬೆಳೆಯಲಾರದಷ್ಟು ಸೊರಗಿರಬಹುದು. ಕಲ್ಚರ್ ಖಾಲಿ ಬರಲು ಇದಕ್ಕಿಂತ ಸಾಮಾನ್ಯ ಕಾರಣ ನನಗೆ ಗೊತ್ತಿಲ್ಲ. ಹೆರಿಗೆ ಹೊತ್ತಲ್ಲಿ ತಾಯಿಗೆ ಕೊಟ್ಟ ಆಂಟಿಬಯಾಟಿಕ್ಕೂ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹೋಗಿ ಹೀಗೇ ಮಾಡುತ್ತದೆ. ನೀರು ಹೋಗಿ 20 ಗಂಟೆ ಆದವರಿಗೆ ಅದನ್ನು ಕೊಟ್ಟಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಆ ಡಾಕ್ಟರ್ ಇಂಜೆಕ್ಷನ್ ಕೊಟ್ಟಿದ್ದು ತಪ್ಪಾ? ಅಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಇದನ್ನು ಓದಿ ಯಾರಾದರೂ ಅವರ ಮೇಲೆ ಜಗಳಕ್ಕೆ ಹೋಗಬಾರದು. ನಂಜಿನ ಗುರುತಿರುವ ಕೂಸನ್ನು ದೂರ ಕಳಿಸುವಾಗ ಮೊದಲ ಡೋಸ್ ಕೊಟ್ಟೇ ಕಳಿಸಿ ಅಂತ ನಿಯಮವೇ ಇದೆ. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎಎನ್‌ಎಂ ಸಿಸ್ಟರ್‌ಗಳೂ ಕೆಲವು ಸಂದರ್ಭದಲ್ಲಿ ಜೆಂಟಮೈಸಿನ್ ಅನ್ನುವ ಆಂಟಿಬಯಾಟಿಕ್ ಕೊಡಬಹುದು ಅಂತ ಮಾರ್ಗಸೂಚಿ ಮಾಡಿತು. ಆಸ್ಪತ್ರೆಯೊಳಗೆ ಇರುವ ಕೂಸಿಗೆ ಮೊದಲು ಕಲ್ಚರ್, ಐದು ನಿಮಿಷದ ಮೇಲೆ ಔಷಧ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬರಬೇಕಾದ ಕೂಸಿಗೆ ಮೊದಲು ಔಷಧ. ಬ್ಯಾಕ್ಟೀರಿಯಾದ ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಕೂಸು ಉಳಿಯಬೇಕು. ಆದರೆ ಒಂದು ಚೀಟಿ ಬರೆಸಿಕೊಂಡು ಬನ್ನಿ. ಯಾವ ಇಂಜೆಕ್ಷನ್, ಎಷ್ಟು, ಎಷ್ಟು ಗಂಟೆಗೆ, ಇಷ್ಟೇ ಸಾಕು. ಆ ಚೀಟಿ ಇಲ್ಲದೆ ಬಂದ ಕೂಸಿನ ಖಾಲಿ ಕಲ್ಚರನ್ನು ಹೇಗೆ ಓದಬೇಕು ಅಂತ ನಮಗೂ ತಿಳಿಯುವುದಿಲ್ಲ.

ಬೆಳೆದಿದ್ದೆಲ್ಲ ನಂಜಲ್ಲ ಅನ್ನುವುದೂ ಇದೆ. ಚರ್ಮದ ಮೇಲೆ ಸದಾ ಇರುವ ಕೆಲವು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಸೂಜಿಯ ಜೊತೆ ಬಾಟಲಿಗೆ ಇಳಿದುಬಿಡುತ್ತವೆ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್, ಅಯೋಡಿನ್ ಪೂರ್ತಿ ಒಣಗುವ ಮೊದಲೇ ಚುಚ್ಚಿದರೆ ಹೀಗಾಗುವುದು ಜಾಸ್ತಿ. ಆಗ ಕೂಸು ಆರಾಮಾಗಿದ್ದರೂ ರಿಪೋರ್ಟ್ ಹೆದರಿಸುತ್ತದೆ.

ಇನ್ನು ಸಿಆರ್‌ಪಿ. ಇದು ಬ್ಯಾಕ್ಟೀರಿಯಾ ಅಲ್ಲ, ನಮ್ಮ ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಮೈಯಲ್ಲಿ ಎಲ್ಲೋ ಉರಿಯೂತ ಎದ್ದಿದೆ ಅಂತ ಸುದ್ದಿ ಮುಟ್ಟಿದ ಮೇಲೆ ಪಿತ್ತಜನಕಾಂಗ ಇದನ್ನು ಮಾಡಲು ಶುರು ಮಾಡುತ್ತದೆ. ಸುದ್ದಿ ಮುಟ್ಟಿ, ತಯಾರಾಗಿ, ರಕ್ತದಲ್ಲಿ ಎದ್ದು ಕಾಣುವಷ್ಟಾಗಲು ಹೊತ್ತು ಬೇಕು. ಕೂಸುಗಳಲ್ಲಿ ಇದಕ್ಕೆ ಹತ್ತು ಹನ್ನೆರಡು ಗಂಟೆಯೇ ಹಿಡಿಯಬಹುದು. ತುತ್ತತುದಿ ಮುಟ್ಟುವುದು ಒಂದೂವರೆ, ಎರಡು ದಿನಕ್ಕೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೇ. ಮೊದಲ ದಿನದ 6 ತಪ್ಪು ರಿಪೋರ್ಟ್ ಅಲ್ಲ. ಕಾಯಿಲೆ ಆಗಲೇ ಬಂದಿತ್ತು, ಸಿಆರ್‌ಪಿ ಇನ್ನೂ ದಾರಿಯಲ್ಲಿತ್ತು. ಮಾರನೇ ದಿನದ 38 ಅದನ್ನು ತೋರಿಸಿತು. ಮೊದಲ ಸಿಆರ್‌ಪಿ ನೋಡಿ 'ಏನಿಲ್ಲ, ಮನೆಗೆ ಹೋಗಿ' ಅಂದಿದ್ದರೆ ಅದು ದೊಡ್ಡ ತಪ್ಪಾಗುತ್ತಿತ್ತು.

ಅಂದಹಾಗೆ ಅಳತೆ ನೋಡಿಕೊಳ್ಳಿ. ಕೆಲವು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಮೊದಲನೆಯದರಲ್ಲಿ 10 ದಾಟಿದರೆ ಜಾಸ್ತಿ, ಎರಡನೆಯದರಲ್ಲಿ 1 ದಾಟಿದರೇ ಜಾಸ್ತಿ. ಒಂದು ಲ್ಯಾಬಿನ 3.8 ಇನ್ನೊಂದು ಲ್ಯಾಬಿನ 38. ಎರಡು ಊರಿನ ರಿಪೋರ್ಟ್ ಅಕ್ಕಪಕ್ಕ ಇಟ್ಟುಕೊಂಡು 'ಇಳಿದಿದೆ' ಅಂತ ಖುಷಿಪಟ್ಟವರನ್ನು ನೋಡಿದ್ದೇನೆ.

ಬರೀ ಸಿಆರ್‌ಪಿ ನಂಬಿ ನಂಜು ಅನ್ನುವವರ ಜೊತೆಗೂ ನಾನಿಲ್ಲ. ಕಷ್ಟದ ಹೆರಿಗೆಯಾದರೂ ಅದು ಏರುತ್ತದೆ. ಕೂಸು ಹೊಟ್ಟೆಯಲ್ಲೇ ಕಕ್ಕಸು ಮಾಡಿ ಅದು ಶ್ವಾಸಕೋಶಕ್ಕೆ ಹೋಗಿದ್ದರೂ ಏರುತ್ತದೆ. ನನ್ನ ಮಟ್ಟಿಗೆ ಸಿಆರ್‌ಪಿಯ ದೊಡ್ಡ ಉಪಯೋಗ ಔಷಧ ಶುರು ಮಾಡುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಒಂದು ದಿನದ ಅಂತರದಲ್ಲಿ ಎರಡು ಸಲ ಮಾಡಿದರೂ ಏರಿಲ್ಲ, ಕೂಸು ಲವಲವಿಕೆಯಿಂದಿದೆ, ಕಲ್ಚರ್ ಖಾಲಿ ಇದೆ ಅಂದರೆ 48 ಗಂಟೆಗೆ ಧೈರ್ಯವಾಗಿ ಆಂಟಿಬಯಾಟಿಕ್ ನಿಲ್ಲಿಸಬಹುದು. ಪ್ರೊಕ್ಯಾಲ್ಸಿಟೋನಿನ್ ಅಂತ ಇನ್ನೊಂದು ಪರೀಕ್ಷೆ ಇದೆ. ಅದು ಸಿಆರ್‌ಪಿಗಿಂತ ಬೇಗ ಏರುತ್ತದೆ. ಆದರೆ ಹುಟ್ಟಿದ ಮೊದಲೆರಡು ದಿನ ಆರೋಗ್ಯವಾಗಿರುವ ಕೂಸಿನಲ್ಲೂ ತಾನಾಗೇ ಏರುವುದರಿಂದ ಗಂಟೆ ಲೆಕ್ಕ ಹಾಕದೆ ಓದಿದರೆ ದಾರಿ ತಪ್ಪಿಸುತ್ತದೆ. ದುಡ್ಡೂ ಜಾಸ್ತಿ.

ಡಿಸ್ಚಾರ್ಜ್ ಚೀಟಿಯಲ್ಲಿ 'ಸೆಪ್ಸಿಸ್ ಸ್ಕ್ರೀನ್' ಅಂತ ಇರುತ್ತದೆ ನೋಡಿ. ಸೆಪ್ಸಿಸ್ ಅಂದರೆ ಇದೇ ನಂಜು. ಒಂದೊಂದೇ ನೋಡಿದರೆ ಗಟ್ಟಿಯಲ್ಲದ ಕೆಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಷ್ಟೇ. ಬಿಳಿ ರಕ್ತಕಣ 5,000ಕ್ಕಿಂತ ಕಮ್ಮಿ, ಅದರಲ್ಲೇ ಒಂದು ಬಗೆಯಾದ ನ್ಯೂಟ್ರೊಫಿಲ್ ವಯಸ್ಸಿಗೆ ತಕ್ಕಷ್ಟು ಇಲ್ಲದಿರುವುದು, ಬಲಿಯದ ನ್ಯೂಟ್ರೊಫಿಲ್‌ಗಳ ಪಾಲು ಐದರಲ್ಲಿ ಒಂದಕ್ಕಿಂತ ಹೆಚ್ಚು, ಕೆಂಪು ರಕ್ತಕಣ ಎಷ್ಟು ಬೇಗ ತಳಕ್ಕಿಳಿಯುತ್ತವೆ ಅಂತ ನೋಡುವ ಮೈಕ್ರೋ ಇಎಸ್‌ಆರ್ ಏರಿರುವುದು, ಸಿಆರ್‌ಪಿ ಏರಿರುವುದು. ಇವುಗಳಲ್ಲಿ ಎರಡು ಕೆಟ್ಟಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಇಲ್ಲದಿದ್ದರೆ 12ರಿಂದ 24 ಗಂಟೆ ಬಿಟ್ಟು ಇನ್ನೊಮ್ಮೆ. ಬಿಳಿ ರಕ್ತಕಣ ಜಾಸ್ತಿ ಇದೆ ಅಂತ ಹೆದರಬೇಡಿ. ಹುಟ್ಟಿದ ದಿನ 30,000ದವರೆಗೂ ಇರಬಹುದು. ಲ್ಯಾಬಿನ ಕಂಪ್ಯೂಟರಿಗೆ ದೊಡ್ಡವರ ಅಳತೆ ಮಾತ್ರ ಗೊತ್ತು, ದಪ್ಪಕ್ಷರದಲ್ಲಿ 'ಹೈ' ಅಂತ ಹೊಡೆದುಬಿಡುತ್ತದೆ. ನಿಜವಾಗಿ ನಮಗೆ ಭಯವಾಗುವುದು ಆ ಸಂಖ್ಯೆ ಕುಸಿದಾಗ.

ಬೆನ್ನಿನ ನೀರು ತೆಗೆದಿದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬಂದಿರುತ್ತದೆ. ಸೊಂಟ ಬಿದ್ದುಹೋಗುತ್ತದೆ ಅನ್ನುವ ಮಾತು ನಮ್ಮ ಕಡೆ ಬಲವಾಗಿದೆ. ಮಿದುಳುಬಳ್ಳಿ ಕೂಸಿನಲ್ಲಿ ಮೂರನೇ ಸೊಂಟದ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ. ಯಾಕೆ ಬೇಕಿತ್ತು ಅಂದರೆ, ರಕ್ತದ ಕಲ್ಚರ್ ಖಾಲಿ ಇದ್ದರೂ ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು. ಕೂಸಿನ ಕುತ್ತಿಗೆ ಬಿಗಿಯುವುದಿಲ್ಲ, ತಲೆನೋವು ಅಂತ ಹೇಳಲು ಬರುವುದಿಲ್ಲ. ಪೊರೆಗೆ ಹೋಗಿದ್ದರೆ ಔಷಧ ಎರಡು, ಮೂರು ವಾರ ಬೇಕು, ಡೋಸೂ ಬೇರೆ. ಏಳು ದಿನಕ್ಕೆ ನಿಲ್ಲಿಸುವ ಧೈರ್ಯ ಅವರಿಗೆ ಬಂದಿದ್ದೇ ಆ ನೀರು ತಿಳಿಯಾಗಿ ಬಂದಿದ್ದರಿಂದ ಇರಬೇಕು.

ಏಳು ದಿನ ಯಾಕೆ ಅನ್ನುವುದೂ ಇಲ್ಲಿಗೇ ಬರುತ್ತದೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದರೆ ಸಾಮಾನ್ಯವಾಗಿ 10ರಿಂದ 14 ದಿನ. ಸಿಗಲಿಲ್ಲ, ಆದರೆ ಕಾಯಿಲೆಯ ಗುರುತೂ ಇತ್ತು, ಸಿಆರ್‌ಪಿಯೂ ಏರಿತ್ತು ಅಂದರೆ ಐದರಿಂದ ಏಳು ದಿನ. ಅವರು ಖಾಲಿ ಕಲ್ಚರನ್ನು ಕಡೆಗಣಿಸಲಿಲ್ಲ. ಅದಿಲ್ಲದಿದ್ದರೆ ಇನ್ನೊಂದು ವಾರ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ಎಷ್ಟೋ ಮನೆಯವರು 'ಇರಲಿ ಸಾರ್, ಇನ್ನೆರಡು ದಿನ ಕೊಡಿ' ಅನ್ನುತ್ತಾರೆ. ಬೇಡ. ಬೇಕಿಲ್ಲದೆ ದಿನಗಟ್ಟಲೆ ಕೊಟ್ಟ ಆಂಟಿಬಯಾಟಿಕ್‌ನಿಂದ ದಿನ ತುಂಬದ ಕೂಸುಗಳ ಕರುಳಿಗೆ ಪೆಟ್ಟು ಬೀಳಬಹುದು, ರಕ್ತದಲ್ಲಿ ಕ್ಯಾಂಡಿಡಾ ಫಂಗಸ್ ಬೆಳೆಯಬಹುದು.

ಆಸ್ಪತ್ರೆಯಲ್ಲೇ ಅಂಟಿತಾ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಅಂಟಿದ್ದಲ್ಲ. ಗುರುತು ಹಿಂದಿನ ರಾತ್ರಿ ನಿಮ್ಮ ಮನೆಯಲ್ಲೇ ಕಂಡಿತ್ತು. ಹುಟ್ಟಿದ 72 ಗಂಟೆಯೊಳಗೆ ಬಂದರೆ ತಾಯಿಯಿಂದ, ಆಮೇಲೆ ಬಂದರೆ ಸುತ್ತಮುತ್ತಲಿಂದ ಅಂತ ಪುಸ್ತಕದಲ್ಲಿ ಗೆರೆ ಎಳೆದಿದ್ದಾರೆ. ನಿಮ್ಮ ಕೂಸು ಆ ಗೆರೆಯ ಮೇಲೇ ಇದೆ. ನೀರು ಮುಂಚೆ ಹೋಗಿದ್ದರಿಂದ ತಾಯಿಯ ಕಡೆಯಿಂದ ಬಂದಿದ್ದೇ ಇರಬಹುದು. ಆದರೆ ನಮ್ಮ ದೇಶದಲ್ಲಿ ಆ ಗೆರೆ ಅಷ್ಟು ನೆಟ್ಟಗಿಲ್ಲ. ಪಶ್ಚಿಮದ ದೇಶಗಳಲ್ಲಿ ಹುಟ್ಟಿದ ಕೂಡಲೇ ಬರುವ ನಂಜಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ದೊಡ್ಡ ಕಾರಣ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮುಂದೆ ಬಂದಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಮೊದಲೆರಡು ಆಸ್ಪತ್ರೆಯ ಸಿಂಕು, ಟ್ಯೂಬು, ಕೈಗಳಲ್ಲಿ ಬದುಕುವಂಥವು, ಹಲವು ಔಷಧಕ್ಕೆ ಬಗ್ಗದಂಥವು. ಅದಕ್ಕೇ ಕಲ್ಚರ್ ಮುಖ್ಯ. ಕೂಸಿಗೆ ನಂಜಾಗಿದೆಯಾ ಅನ್ನುವುದನ್ನು ಬಹುಪಾಲು ಕೂಸೇ ಹೇಳಿರುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಸಾಯುತ್ತದೆ ಅನ್ನುವುದನ್ನು ಕಲ್ಚರ್ ಮಾತ್ರ ಹೇಳಬಲ್ಲದು. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಯಲ್ಲಿ ಹೆಸರು ಹೇಳುತ್ತದೆ, ಆದರೆ ಯಾವ್ಯಾವ ಔಷಧ ಕೆಲಸ ಮಾಡುತ್ತವೆ ಅಂತ ಪೂರ್ತಿ ಪಟ್ಟಿ ಕೊಡುವುದಿಲ್ಲ. ಹಾಗಾಗಿ ಹಳೇ ಬಾಟಲಿಗೆ ರಜೆ ಇಲ್ಲ.

ಇನ್ನು ಮುಂದಿನ ಕೆಲಸ. ಆಶಾ ಕಾರ್ಯಕರ್ತೆ 21, 28 ಮತ್ತು 42ನೇ ದಿನ ಮನೆಗೆ ಬರಬೇಕು, ಬಂದಾಗ ತೂಕ ಮಾಡಿಸಿ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಮೂಗು ಕಿವಿಗೆ ಎಣ್ಣೆ ಬಿಡಬೇಡಿ, ಎದೆಹಾಲು ಬಿಟ್ಟು ಬೇರೇನೂ ಬೇಡ. ಹಾಲು ಬಿಟ್ಟರೆ ಅಥವಾ ತಣ್ಣಗಾದರೆ ಈ ಸಲ ಬೆಳಗಾಗಲು ಕಾಯದೆ 108ಕ್ಕೆ ಫೋನ್ ಮಾಡಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕೂಸುಗಳ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ.

ಎರಡು ಪರೀಕ್ಷೆ ಬಾಕಿ ಇರಬಹುದು, ಚೀಟಿಯಲ್ಲಿ ಬರೆದಿದೆಯಾ ನೋಡಿ. ಒಂದು ಕಿವಿಯದು. ಕೂಸುಗಳ ನಂಜಿಗೆ ಕೊಡುವ ಜೆಂಟಮೈಸಿನ್, ಅಮಿಕಾಸಿನ್ ಥರದ ಔಷಧಗಳು ಕೆಲವರಲ್ಲಿ ಕೇಳುವ ಶಕ್ತಿಗೆ ತೊಂದರೆ ಮಾಡುತ್ತವೆ, ಹಾಗಾಗಿ ಒಂದು ಸಲ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಕಣ್ಣಿನದು. 2 ಕೆಜಿಗಿಂತ ಕಮ್ಮಿ ತೂಕದಲ್ಲಿ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯುವ ಅಪಾಯ ಇರುತ್ತದೆ, ನಂಜಾಗಿದ್ದರೆ ಇನ್ನೂ ಜಾಸ್ತಿ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ರೆಟಿನಾ ನೋಡುವ ಕಣ್ಣಿನ ಡಾಕ್ಟರಿಗೆ 30 ದಿನದೊಳಗೆ ತೋರಿಸಬೇಕು. ನಿಮಗೆ ಉಳಿದಿರುವುದು 12 ದಿನ. ಮುಂದಿನ ವಾರವೇ ಹೋಗಿಬನ್ನಿ.